ಸವಳು ಹಿತ್ತಲದಾಗ ಬೀಟ್‌ರೂಟ್

ಜಗತ್ತು ತಿನ್ನುವ ಸಕ್ಕರೆಯಲ್ಲಿ ಸುಮಾರು ಐದನೇ ಒಂದು ಪಾಲು ಕಬ್ಬಿನಿಂದ ಬರುವುದಿಲ್ಲ, ಬೀಟ್ ಗಡ್ಡೆಯಿಂದ ಬರುತ್ತದೆ. ಈ ಮಾತನ್ನು ಜಮಖಂಡಿ ತಾಲ್ಲೂಕಿನ ನಮ್ಮ ಹುನ್ನೂರದಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. "ಗಡ್ಡ್ಯಾಗ ಎಲ್ಲೀ ಸಕ್ಕರಿ ಬೇ?" ಎಂದು ನಕ್ಕುಬಿಡುತ್ತಾರೆ. ನಗುವವರದ್ದೂ ತಪ್ಪಲ್ಲ. ಹಂಗಾಮು ಶುರುವಾದರೆ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್ ಕಾಣುವ ಊರಿನಲ್ಲಿ ಸಕ್ಕರೆಗೆ ಇನ್ನೊಂದು ತಾಯಿ ಇದ್ದಾಳೆ ಎಂದರೆ ಯಾರು ಒಪ್ಪುತ್ತಾರೆ?

ಆದರೆ ಇದು ಇತಿಹಾಸ. 1747ರಲ್ಲಿ ಬರ್ಲಿನ್ನಿನ ರಸಾಯನಶಾಸ್ತ್ರಜ್ಞ ಮಾರ್ಗ್ರಾಫ್ ಬೀಟ್ ಗಡ್ಡೆಯಲ್ಲಿರುವುದೂ ಕಬ್ಬಿನಲ್ಲಿರುವುದೂ ಒಂದೇ ಸಕ್ಕರೆ ಎಂದು ತೋರಿಸಿದ. ಅವನ ಶಿಷ್ಯ ಆಖಾರ್ಡ್ 1801ರಲ್ಲಿ ಸೈಲೀಶಿಯಾದಲ್ಲಿ, ಅಂದರೆ ಇಂದಿನ ಪೋಲೆಂಡಿನ ಭಾಗದಲ್ಲಿ, ಮೊದಲ ಬೀಟ್ ಸಕ್ಕರೆ ಕಾರ್ಖಾನೆ ಕಟ್ಟಿದ. ಇಂಗ್ಲೆಂಡಿನೊಂದಿಗಿನ ಜಗಳದಿಂದ ಸಮುದ್ರದಾಚೆಯ ಸಕ್ಕರೆ ಬರುವುದು ನಿಂತಾಗ, 1811ರಲ್ಲಿ ನೆಪೋಲಿಯನ್ ಫ್ರಾನ್ಸಿನ ರೈತರಿಗೆ ಬೀಟ್ ಬೆಳೆಯಲು ಅಪ್ಪಣೆ ಮಾಡಿದ. ನಮ್ಮ ದೇಶದಲ್ಲೂ ರಾಜಸ್ಥಾನದ ಶ್ರೀಗಂಗಾನಗರದ ಕಾರ್ಖಾನೆ ಕಬ್ಬಿನ ಜೊತೆ ಸಕ್ಕರೆ ಬೀಟನ್ನೂ ಬಳಸುತ್ತಿದ್ದ ಕಾಲವೊಂದಿತ್ತು.

ನಾನು ಬೆಳೆದದ್ದು ಆ ಬಿಳಿ ಸಕ್ಕರೆ ಬೀಟ್ ಅಲ್ಲ. ಅದರ ತಂಗಿ, ಸಂತೆಯಲ್ಲಿ ಸಿಗುವ ಕೆಂಪು ಬೀಟ್‌ರೂಟ್. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಮಡಿ. "ತಿಂಗಳಿಗೆ ಲಕ್ಷ ಗಳಿಸಿದ ಯುವ ಕೃಷಿಕ" ಮಾದರಿಯ ಕಥೆ ಇದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಬಂದ ಗಡ್ಡೆಯನ್ನೆಲ್ಲ ಮಾರಿದ್ದರೂ ಸಿವಿಲ್ ಎಂಜಿನಿಯರಿಂಗಿನ ಒಂದು ರೆಫರೆನ್ಸ್ ಪುಸ್ತಕದ ದುಡ್ಡು ಹುಟ್ಟುತ್ತಿರಲಿಲ್ಲ.

ಹಾಗಾದರೆ ಬೀಟ್‌ರೂಟೇ ಯಾಕೆ? ನಮ್ಮ ಹಿತ್ತಲದ ಬೋರಿನ ನೀರು ಸವಳು. ಬಟ್ಟೆ ಒಗೆದರೆ ನೊರೆ ಬರುವುದಿಲ್ಲ, ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟುತ್ತದೆ. ಆ ನೀರಿಗೆ ಅವರೆ, ಬೀನ್ಸ್ ಚಿಗುರಿ ಎಲೆಯಂಚು ಸುಟ್ಟಂತಾಗಿ ನಿಂತುಬಿಡುತ್ತವೆ. ಗಜ್ಜರಿ ಹಾಕಿದರೆ ಬೆರಳುದ್ದವೂ ಆಗುವುದಿಲ್ಲ. ನಮ್ಮ ಆಯಿ (ಅಜ್ಜಿ) ಹತ್ತು ವರ್ಷದಿಂದ ಅಲ್ಲಿ ಕರಿಬೇವು, ಲಿಂಬೆ ಬಿಟ್ಟು ಬೇರೇನೂ ಹಾಕುವ ಆಸೆ ಇಟ್ಟುಕೊಂಡಿರಲಿಲ್ಲ. "ಈ ನೆಲಾ ಉಪ್ಪ ತಿಂದೈತಿ, ನೀರ ಕೇಳ್ತೈತಿ, ಫಲಾ ಕೊಡಂಗಿಲ್ಲ" ಎನ್ನುತ್ತಿದ್ದಳು.

ಐದನೇ ಸೆಮಿಸ್ಟರಿನಲ್ಲಿ ನೀರಾವರಿಯ ಪಾಠ ನಡೆದಿದ್ದಾಗ ಲೈಬ್ರರಿಯಲ್ಲಿ ಒಂದು ಕೋಷ್ಟಕ ಕಣ್ಣಿಗೆ ಬಿತ್ತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಪರಿಷ್ಕರಿಸಿ ತಂದ, ಕೃಷಿಗೆ ಬಳಸುವ ನೀರಿನ ಗುಣಮಟ್ಟದ ಪುಸ್ತಕದ್ದು. ಅದಕ್ಕೆ ಆಧಾರ 1977ರಲ್ಲಿ ಮಾಸ್ ಮತ್ತು ಹಾಫ್‌ಮನ್ ಎಂಬಿಬ್ಬರು ಕಲೆಹಾಕಿದ ಲೆಕ್ಕ. ಯಾವ ಬೆಳೆ ಎಷ್ಟು ಉಪ್ಪಿನವರೆಗೆ ಇಳುವರಿ ಕಳೆದುಕೊಳ್ಳದೆ ನಿಲ್ಲುತ್ತದೆ ಎಂಬ ಪಟ್ಟಿ. ಅಳತೆ ಮಣ್ಣಿನ ರಸದ ವಿದ್ಯುತ್ ವಾಹಕತೆ, ಅಂದರೆ ಇ.ಸಿ. ಉಪ್ಪು ಹೆಚ್ಚಿದಷ್ಟೂ ಕರೆಂಟ್ ಸಲೀಸಾಗಿ ಹರಿಯುತ್ತದೆ, ಅಂಕಿ ಏರುತ್ತದೆ. ಬೀನ್ಸ್ 1.0, ಗಜ್ಜರಿ 1.0, ಉಳ್ಳಾಗಡ್ಡಿ 1.2, ಟೊಮೆಟೊ 2.5. ಬೀಟ್‌ರೂಟ್ 4.0. ಸಕ್ಕರೆ ಬೀಟ್ ಅಂತೂ 7.0.

ನಾನು ಎರಡು ಸಲ ಓದಿದ್ದು ಬೀಟಿನ ಸಾಲನ್ನಲ್ಲ, ಕಬ್ಬಿನದನ್ನು. ಕಬ್ಬು 1.7. ನಮ್ಮ ಕಡೆ ಕಬ್ಬು ಎಂದರೆ ಗಟ್ಟಿ ಬೆಳೆ, ಏನು ಬಂದರೂ ತಡೆಯುತ್ತದೆ ಎಂಬ ನಂಬಿಕೆ. ಉಪ್ಪಿನ ವಿಷಯದಲ್ಲಿ ಅದು ಟೊಮೆಟೊಗಿಂತ ನಾಜೂಕು.

ದಸರಾ ರಜೆಗೆ ಊರಿಗೆ ಬಂದವಳು ಹಿತ್ತಲದ ಮಣ್ಣನ್ನು ನಾಲ್ಕು ಕಡೆಯಿಂದ, ಅರ್ಧ ಅಡಿ ಆಳದವರೆಗೆ ತೆಗೆದು ಬೆರೆಸಿ, ಒಂದು ಕಿಲೋದಷ್ಟು ಚೀಲದಲ್ಲಿ ಕಟ್ಟಿ ಕಾಲೇಜಿಗೆ ಒಯ್ದೆ. ಲ್ಯಾಬಿನಲ್ಲಿ ಭಟ್ಟಿ ಇಳಿಸಿದ ನೀರು ಹಾಕಿ, ಮೇಲೆ ಹೊಳಪು ಬರುವವರೆಗೆ ರಾಡಿ ಕಲಸಿ, ಒಂದು ರಾತ್ರಿ ಬಿಟ್ಟು, ರಸ ಸೋಸಿ ಮೀಟರ್ ಇಳಿಸಿದಾಗ 3.6 ತೋರಿಸಿತು. (ನೀವೂ ಪರೀಕ್ಷೆ ಮಾಡಿಸುವುದಾದರೆ ಒಂದು ಮಾತು ಕೇಳಿಕೊಳ್ಳಿ: ಒಂದು ಪಾಲು ಮಣ್ಣಿಗೆ ಎರಡು ಪಾಲು ನೀರು ಬೆರೆಸಿ ಅಳೆದರೆ ಅಂಕಿ ಬಹಳ ಕಡಿಮೆ ಬರುತ್ತದೆ. ಅದನ್ನು ಈ ಕೋಷ್ಟಕದ ಜೊತೆ ನೇರವಾಗಿ ಹೋಲಿಸುವಂತಿಲ್ಲ.) 3.6 ಎಂದರೆ ಬೀನ್ಸ್ ಅರ್ಧಕ್ಕೆ ಬೀಳುವ ಜಾಗ. ಬೀಟ್‌ರೂಟಿಗೆ ಇನ್ನೂ ಹೊಸ್ತಿಲೊಳಗಿನ ಜಾಗ.

ಆದರೆ ಅದೇ ಕೋಷ್ಟಕದ ಕೆಳಗೆ ಸಣ್ಣ ಅಕ್ಷರದ ಒಂದು ಟಿಪ್ಪಣಿ ಇತ್ತು. ಬೀಟ್ ಮೊಳಕೆಯೊಡೆಯುವಾಗ ಇಷ್ಟು ಗಟ್ಟಿಯಲ್ಲ, ಆಗ 3 ದಾಟಬಾರದು. ದೊಡ್ಡದಾದ ಮೇಲೆ ಉಪ್ಪನ್ನು ಲೆಕ್ಕಿಸದ ಗಿಡ, ಹುಟ್ಟುವಾಗ ಮಾತ್ರ ಸಿಹಿನೀರು ಕೇಳುತ್ತದೆ. ನಾನು ಮಾಡಿದ ಕೆಲಸವೆಲ್ಲ ಈ ಒಂದು ಟಿಪ್ಪಣಿಯ ಸುತ್ತ. ಮೊದಲ ಎರಡು ವಾರ ದಾಟಿಸಿದರೆ ಉಳಿದದ್ದನ್ನು ಗಿಡವೇ ನೋಡಿಕೊಳ್ಳುತ್ತದೆ.

ಬೀಜ ತಂದದ್ದು ಜಮಖಂಡಿಯ ಅಂಗಡಿಯಿಂದ. ಡೆಟ್ರಾಯ್ಟ್ ಡಾರ್ಕ್ ರೆಡ್ ಎಂಬ ಹಳೆಯ ತಳಿ. ಪಾಕೀಟು ಒಡೆದು ಅಂಗೈಗೆ ಹಾಕಿದಾಗ ಆಯಿ, "ಇದು ಬೀಜಲ್ಲ, ಕಸಾ" ಎಂದಳು. ಒಣಗಿ ಸುಕ್ಕಾದ ಬೆಂಡಿನ ಚೂರಿನಂತೆ ಕಾಣುತ್ತದೆ. ನಿಜವಾಗಿ ಅದು ಒಂದು ಬೀಜವೂ ಅಲ್ಲ. ಎರಡು ಮೂರು ಹೂವುಗಳು ಕೂಡಿ ಕಾಯಾಗಿ ಅಂಟಿಕೊಂಡ ಗೊಂಚಲು. ಒಂದನ್ನು ಊರಿದರೆ ಎರಡು, ಮೂರು, ಕೆಲವೊಮ್ಮೆ ನಾಲ್ಕು ಸಸಿ ಒಟ್ಟಿಗೆ ಎದ್ದು ಬರುತ್ತವೆ. ಅದರ ಬೆಂಡಿನಂಥ ಸಿಪ್ಪೆಯಲ್ಲಿ ಮೊಳಕೆಯನ್ನು ತಡೆಯುವ ಅಂಶಗಳೂ ಇರುತ್ತವೆ. ಆದ್ದರಿಂದ ರಾತ್ರಿಯಿಡೀ ನಳದ ಸಿಹಿನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ, ಮತ್ತೊಮ್ಮೆ ತೊಳೆದು ಊರಿದೆ.

ಊರುವ ಜಾಗವೂ ಮುಖ್ಯ. ಬೋದು ಏರಿಸಿ ಸಾಲಿಗೆ ನೀರು ಬಿಡುವುದು ನಮಗೆಲ್ಲ ಗೊತ್ತಿರುವ ಪದ್ಧತಿ. ಸಾಲಿನ ನೀರು ಬೋದಿನೊಳಗೆ ಏರುತ್ತ ಹೋಗುತ್ತದೆ, ನೆತ್ತಿಯಲ್ಲಿ ಆರುತ್ತದೆ. ನೀರು ಆರಿದಲ್ಲಿ ಉಪ್ಪು ಕೂರುತ್ತದೆ. ಬೋದಿನ ನೆತ್ತಿ ಎಂದರೆ ಉಪ್ಪಿನ ಗದ್ದುಗೆ. ಅಲ್ಲಿ ಬೀಜ ಊರಬಾರದು. ನೆತ್ತಿಗಿಂತ ಕೆಳಗೆ, ಹೆಗಲಿನಲ್ಲಿ ಊರಬೇಕು. ಮುಕ್ಕಾಲು ಇಂಚು ಆಳ, ಗಿಡದಿಂದ ಗಿಡಕ್ಕೆ ನಾಲ್ಕು ಇಂಚು, ಸಾಲಿನಿಂದ ಸಾಲಿಗೆ ಒಂದು ಅಡಿ. ಮೂರು ಬೋದು ಏರಿಸಿದ್ದೆ. ಮೊದಲೇ ಎರಡು ಬುಟ್ಟಿ ಕಳಿತ ತಿಪ್ಪೆಗೊಬ್ಬರ ಬೆರೆಸಿದ್ದಾಗಿತ್ತು. ಹಸಿ ಸಗಣಿ ಹಾಕಿದರೆ ಗಡ್ಡೆಗೆ ಕವಲು ಬರುತ್ತದೆ.

ಇನ್ನು ಮೇಲೆ ಮುಚ್ಚುವುದಕ್ಕೆ ಕಬ್ಬಿನ ರವದಿಗಿಂತ ಒಳ್ಳೆಯದು ಜಗತ್ತಿನಲ್ಲಿ ಇರಲಿಕ್ಕಿಲ್ಲ. ಕಬ್ಬು ಕಡಿದ ಮೇಲೆ ಬೆಂಕಿ ಇಟ್ಟು ಊರಿಗೆಲ್ಲ ಹೊಗೆ ಹಬ್ಬಿಸುವ ಅದೇ ರವದಿ. ಮೊಳಕೆ ಬಂದ ಮೇಲೆ ಬೋದಿನ ಮೇಲೆ ಎರಡು ಇಂಚು ಹಾಸಿದರೆ ನೀರು ಆರುವುದು ಕಡಿಮೆ, ಆರುವುದು ಕಡಿಮೆಯಾದರೆ ಉಪ್ಪು ಏರುವುದೂ ಕಡಿಮೆ.

ಎಂಟನೇ ದಿನ ಕೆಂಪು ಕಾಲಿನ ಸಸಿ ಎದ್ದವು. ನಾನು ಹಾಸ್ಟೆಲ್ಲಿನಲ್ಲಿದ್ದೆ. ಫೋನಿನಲ್ಲಿ ಆಯಿ, "ಬಂದಾವವ್ವಾ, ರಾಜಗಿರಿ ಹಂಗ ಕಾಣತಾವ" ಎಂದಳು. ಎಷ್ಟು ಸರಿಯಾಗಿ ಗುರುತಿಸಿದ್ದಳು ನೋಡಿ. ರಾಜಗಿರಿ, ಪಾಲಕ, ಬೀಟ್‌ರೂಟ್ ಮೂರೂ ಇಂದಿನ ಸಸ್ಯಶಾಸ್ತ್ರದ ಪ್ರಕಾರ ಒಂದೇ ಕುಟುಂಬದವು. ಮೊದಲ ಎರಡು ವಾರ ನಳದ ನೀರು, ಚೊಂಬಿನಲ್ಲಿ. ಆಮೇಲೆ ಬೋರಿನದೇ. ನಳ ದಿನ ಬಿಟ್ಟು ದಿನ ಬರುವ ಊರಿನಲ್ಲಿ ಅಷ್ಟು ಸಿಹಿನೀರು ಗಿಡಕ್ಕೆ ಕೊಡುವುದಕ್ಕೆ ಅವ್ವ ಸುಮ್ಮನೆ ಒಪ್ಪಲಿಲ್ಲ. ಪಾತ್ರೆ ತೊಳೆದ ಕೊನೆಯ ನೀರು ಎಂದು ರಾಜಿಯಾಯಿತು.

ಬೀಟ್‌ರೂಟಿನಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾದ ಕೆಲಸ ಸಸಿ ತೆಳುಮಾಡುವುದು. ಮೂರು ಎಲೆ ಬಂದಾಗ ಒಂದು ಗೊಂಚಲಿಗೆ ಒಂದೇ ಸಸಿ ಬಿಟ್ಟು ಉಳಿದದ್ದನ್ನು ತೆಗೆಯಬೇಕು. ಕೀಳಬಾರದು, ಕೀಳಲು ಹೋದರೆ ಪಕ್ಕದ್ದರ ಬೇರೂ ಅಲುಗುತ್ತದೆ. ಕತ್ತರಿಯಿಂದ ಬುಡಕ್ಕೆ ಕತ್ತರಿಸುವುದು. ಆಯಿಗೆ ಇದು ಒಂಚೂರೂ ಹಿಡಿಸಲಿಲ್ಲ. ಹತ್ತು ವರ್ಷದ ಮೇಲೆ ಆ ನೆಲ ಕೊಟ್ಟ ಹಸಿರನ್ನು ಕತ್ತರಿಸುವುದೆಂದರೆ! ಕತ್ತರಿಸಿದ ಎಳೆ ಸೊಪ್ಪನ್ನು ಹೆಸರುಬೇಳೆ, ಬೆಳ್ಳುಳ್ಳಿ ಹಾಕಿ ಪಲ್ಯ ಮಾಡಿದ ಮೇಲೆ ಸಮಾಧಾನವಾಯಿತು. ಬಿಸಿ ರೊಟ್ಟಿಯ ಜೊತೆ ಅದರ ರುಚಿಯನ್ನು ಗಡ್ಡೆಯೂ ಕೊಡುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಪೇಟೆಯಲ್ಲಿ ಎಲೆ ಕಿತ್ತೆಸೆದು ಮಾರುವುದರಿಂದ ಅದು ಬೆಳೆದವರಿಗೆ ಮಾತ್ರ ಸಿಗುವ ಊಟ.

ಈ ಗಿಡ ಉಪ್ಪನ್ನು ಹೇಗೆ ತಡೆಯುತ್ತದೆ? ಇಂದಿನ ಎಲ್ಲ ಬೀಟುಗಳ ಮೂಲ ಯುರೋಪಿನ ಸಮುದ್ರದಂಡೆಯ ಕಾಡು ಬೀಟ್. ಉಪ್ಪು ಗಾಳಿ, ಉಪ್ಪು ಮರಳು ಅದರ ತವರುಮನೆ. ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಾದರೆ ಬೇರಿಗೆ ನೀರು ಎಳೆಯುವುದು ಕಷ್ಟ, ಪಿಯುಸಿಯಲ್ಲಿ ಓದಿದ ಆಸ್ಮೋಸಿಸ್ ಅಷ್ಟೇ. ಬೀಟ್ ತನ್ನ ಜೀವಕೋಶದೊಳಗೆ ಬೀಟೇನ್ ಎಂಬ ವಸ್ತುವನ್ನು ತುಂಬಿಕೊಂಡು ಒಳಗಿನ ಸಾಂದ್ರತೆಯನ್ನು ಹೊರಗಿನದಕ್ಕೆ ಸರಿದೂಗಿಸುತ್ತದೆ. ಸೋಡಿಯಂ ಒಳಬಂದರೆ ಅದನ್ನೂ ಬೇರೆ ಕೋಣೆಯಲ್ಲಿ ಕೂಡಿಟ್ಟು ಕೆಲಸಕ್ಕೆ ಹಚ್ಚುತ್ತದೆ. ಇಂಗ್ಲೆಂಡಿನ ರೈತರು ಸಕ್ಕರೆ ಬೀಟಿನ ಹೊಲಕ್ಕೆ ಉಪ್ಪನ್ನೇ ಗೊಬ್ಬರವಾಗಿ ಹಾಕುತ್ತಿದ್ದರು! ಬೀಟೇನ್ ಎಂಬ ಹೆಸರು ಬಂದದ್ದೇ ಬೀಟಿನಿಂದ. ನಿಮ್ಮ ಶಾಂಪೂ ಬಾಟಲಿಯ ಹಿಂದೆ ಬರೆದ ಉದ್ದನೆಯ ರಾಸಾಯನಿಕ ಹೆಸರುಗಳಲ್ಲಿ "ಬೀಟೇನ್" ಎಂದು ಮುಗಿಯುವುದೊಂದು ಇರುತ್ತದೆ, ಹುಡುಕಿ ನೋಡಿ.

ಚಳಿ ಇದಕ್ಕೆ ಬೇಕು. ಬೇಸಿಗೆಯಲ್ಲಿ ಹಾಕಿದರೆ ಗಡ್ಡೆ ಕೊಯ್ದಾಗ ಕೆಂಪಿನ ನಡುವೆ ಬಿಳಿ ಉಂಗುರ ಎದ್ದು ಕಾಣುತ್ತವೆ, ರುಚಿಯೂ ಸಪ್ಪೆ. ನಮ್ಮ ಕಡೆ ದಸರಾದಿಂದ ಸಂಕ್ರಾಂತಿಯ ಒಳಗೆ ಮುಗಿಸುವುದು ಒಳ್ಳೆಯದು. ಇನ್ನೊಂದು, ಇದರ ಬೀಜವನ್ನು ಹುನ್ನೂರದಲ್ಲಿ ಹಿಡಿಯಲು ಆಗುವುದಿಲ್ಲ. ಬೀಟ್ ಎರಡು ವರ್ಷದ ಗಿಡ. ಒಂದು ಗಟ್ಟಿ ಚಳಿಗಾಲ ಉಂಡ ಮೇಲೆಯೇ ಹೂ ಬಿಡುತ್ತದೆ, ಆ ಚಳಿ ನಮ್ಮಲ್ಲಿಲ್ಲ. ಲಖನೌದ ಕಬ್ಬು ಸಂಶೋಧನಾ ಸಂಸ್ಥೆ ಕೂಡ ಸಕ್ಕರೆ ಬೀಟಿನ ಬೀಜದ ಕೆಲಸವನ್ನು ಉತ್ತರಾಖಂಡದ ಮುಕ್ತೇಶ್ವರದ ಬೆಟ್ಟದ ಮೇಲೆ ಇಟ್ಟುಕೊಂಡಿದೆ. ಆದ್ದರಿಂದ ಪ್ರತಿ ವರ್ಷ ಪಾಕೀಟು ಕೊಳ್ಳಬೇಕು, ಇದು ನನಗೆ ಅಷ್ಟು ಇಷ್ಟವಾಗದ ಸಂಗತಿ.

ಅರವತ್ತೈದನೇ ದಿನ ಮೊದಲ ಗಡ್ಡೆ ಕಿತ್ತೆವು. ಟೆನಿಸ್ ಚೆಂಡಿಗಿಂತ ತುಸು ಸಣ್ಣದು. ಅದಕ್ಕಿಂತ ದೊಡ್ಡದಾಗಲು ಬಿಟ್ಟರೆ ನಾರಾಗುತ್ತದೆ. ಬೇಯಿಸುವುದಾದರೆ ಮೇಲೆ ಒಂದು ಇಂಚು ದಂಟು ಬಿಡಿ, ಬುಡಕ್ಕೆ ಕೊಯ್ದರೆ ಬಣ್ಣವೆಲ್ಲ ನೀರಿಗೆ ಹೋಗುತ್ತದೆ. ಎರಡು ಸಲಕ್ಕೆ ಸೇರಿ ಏಳು ಕಿಲೋ ಚಿಲ್ಲರೆ ಬಂತು. ತಿಂದ ಮರುದಿನ ಮೂತ್ರ ಕೆಂಪಗಾಯಿತೆಂದು ತಮ್ಮ ಹೆದರಿ ಡಾಕ್ಟರ ಹತ್ತಿರ ಹೊರಟಿದ್ದ. ಕೆಲವರ ಮೈಯಲ್ಲಿ ಬೀಟಿನ ಬಣ್ಣ ಕರಗದೆ ಹಾಗೇ ಹೊರಬರುತ್ತದೆ, ಗಾಬರಿ ಬೇಡ.

ಎಳ್ಳ ಅಮಾವಾಸ್ಯೆಗೆ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಬುತ್ತಿಯಲ್ಲಿ ಈ ಸಲ ಬೀಟ್‌ರೂಟ್ ಪಚಡಿಯೂ ಇತ್ತು. ಹೊಲದಲ್ಲಿ ಚರಗ ಚೆಲ್ಲುತ್ತ ಅಪ್ಪ ಕೆಳಗಿನ ಮೂಲೆಗೆ ಬಂದು ನಿಂತರು. ಅಲ್ಲಿ ಅರ್ಧ ಎಕರೆ ಕಬ್ಬು ಮೊಣಕಾಲೆತ್ತರಕ್ಕೆ ಹಳದಿಯಾಗಿ ನಿಂತಿದೆ. ನಡುನಡುವೆ ನೆಲ ಬೂದಿ ಚೆಲ್ಲಿದಂತೆ ಬೆಳ್ಳಗಿದೆ. "ತಂಗಿ, ನಿನ್ನ ಗಡ್ಡಿ ಇಲ್ಲಿ ಬರ್ತಾವೇನ?" ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ಆ ಅರ್ಧ ಎಕರೆಗೂ ಅವರು ಪ್ರತಿ ವರ್ಷ ಬೀಜದ ಕಬ್ಬು, ಗೊಬ್ಬರ, ಆಳು ಹಾಕುತ್ತಲೇ ಬಂದಿದ್ದಾರೆ. ಬೀಳು ಬಿಡಲು ಮನಸ್ಸಿಲ್ಲ.

ಈ ಉಪ್ಪು ಎಲ್ಲಿಂದ ಬಂತು ಎಂಬುದು ನಮ್ಮ ತಾಲ್ಲೂಕಿನ ಹೆಮ್ಮೆಯ ಕಥೆಗೂ ತಾಗಿದೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ಸರ್ಕಾರದ ದಾರಿ ಕಾಯದೆ, ತಮ್ಮ ದುಡ್ಡು, ತಮ್ಮ ದುಡಿಮೆಯಿಂದ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. "ಶ್ರಮಬಿಂದು ಸಾಗರ" ಎಂಬ ಹೆಸರೇ ಅದನ್ನು ಹೇಳುತ್ತದೆ. ಹಿಪ್ಪರಗಿಯ ಬ್ಯಾರೇಜ್ ಕೂಡ ನಮ್ಮ ಸೀಮೆಗೆ ನೀರು ತಂದಿತು. ಜೋಳ, ಕಡಲೆಯ ಮಳೆಯಾಶ್ರಿತ ನೆಲ ಕಬ್ಬಿನ ನೆಲವಾಯಿತು. ನನ್ನ ಕಾಲೇಜು ಫೀಸು ಆ ಕಬ್ಬಿನಿಂದಲೇ ಬಂದದ್ದು, ಆದ್ದರಿಂದ ನೀರನ್ನು ಬೈಯುವ ಹಕ್ಕು ನನಗಿಲ್ಲ.

ನದಿಯ ನೀರು ಉಪ್ಪಲ್ಲ. ಆದರೆ ಸಿಹಿನೀರಿನಲ್ಲೂ ಚೂರು ಲವಣ ಇರುತ್ತದೆ, ಎರೆಮಣ್ಣಿನ ಹೊಟ್ಟೆಯಲ್ಲಿ ಇನ್ನಷ್ಟು ಇರುತ್ತದೆ. ಹನ್ನೆರಡು ತಿಂಗಳು ಸಾಲು ತುಂಬ ನೀರು ಬಿಟ್ಟರೆ, ಬಸಿದು ಹೋಗಲು ದಾರಿ ಇಲ್ಲದ ತಗ್ಗಿನಲ್ಲಿ ಅಂತರ್ಜಲ ಮೇಲೇರುತ್ತದೆ. ಅದು ಒಂದೂವರೆ ಮೀಟರಿನೊಳಗೆ ಬಂತೆಂದರೆ ಸಣ್ಣ ಕಣದ ಎರೆಮಣ್ಣು ದೀಪದ ಬತ್ತಿಯ ಹಾಗೆ ನೀರನ್ನು ಮೇಲೆಳೆಯುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಸವಳು-ಜವಳು ಎಂದು ಹಿರಿಯರು ಎರಡು ಪದ ಕೂಡಿಸಿ ಹೇಳುವುದು ಸುಮ್ಮನೆ ಅಲ್ಲ. ಒಂದು ಉಪ್ಪು, ಇನ್ನೊಂದು ನಿಂತ ನೀರು, ಎರಡೂ ಜೋಡಿಯಾಗಿಯೇ ಬರುತ್ತವೆ. ನಮ್ಮ ಪಠ್ಯದಲ್ಲಿ ನೀರು ತರುವ ಕಾಲುವೆಯ ವಿನ್ಯಾಸಕ್ಕೆ ಪುಟಗಟ್ಟಲೆ ಜಾಗ ಇದೆ, ನೀರು ಹೊರಹಾಕುವುದಕ್ಕೆ ಬಹಳ ಸ್ವಲ್ಪ. ಪರೀಕ್ಷೆಗೆ ಎರಡನೆಯದು ಬರುವುದೇ ಅಪರೂಪ ಎಂದು ಸೀನಿಯರ್‌ಗಳು ಅದನ್ನು ಬಿಡಲು ಹೇಳುತ್ತಾರೆ!

ಅಮಾವಾಸ್ಯೆಯ ಮರುವಾರ ಕೆಳಗಿನ ಮೂಲೆಯ ಮಣ್ಣೂ ಲ್ಯಾಬಿಗೆ ಹೋಯಿತು. ಬಂದದ್ದು 8.0. ಕೋಷ್ಟಕದಲ್ಲಿ ಹೊಸ್ತಿಲಿನ ಪಕ್ಕ ಇನ್ನೊಂದು ಅಂಕಣ ಇದೆ: ಹೊಸ್ತಿಲು ದಾಟಿದ ಮೇಲೆ ಪ್ರತಿ ಒಂದು ಅಂಕಿಗೆ ಇಳುವರಿ ನೂರಕ್ಕೆ ಎಷ್ಟು ಬೀಳುತ್ತದೆ ಎಂಬುದು. ಕಬ್ಬಿಗೆ 5.9, ಬೀಟ್‌ರೂಟಿಗೆ 9. ಬೀಟ್ ತಡವಾಗಿ ಬೀಳಲು ಶುರುಮಾಡುತ್ತದೆ, ಆದರೆ ಜೋರಾಗಿ ಬೀಳುತ್ತದೆ. ಲೆಕ್ಕ ಹಾಕಿದೆ. 8ರಲ್ಲಿ ಬೀಟ್‌ರೂಟ್ ತನ್ನ ಪೂರ್ಣ ಇಳುವರಿಯ ನೂರಕ್ಕೆ 64 ಕೊಡಬೇಕು. ಕಬ್ಬು ಸುಮಾರು 63. ಅದರಿಂದಾಚೆ ಉಪ್ಪು ಹೆಚ್ಚಾದರೆ ಬೀಟೇ ಹಿಂದೆ ಬೀಳುತ್ತದೆ. ಮೊಳಕೆಗೆ ಬೇಕಾದ 3 ಅಂತೂ ಅಲ್ಲಿ ಕನಸು, ಅರ್ಧ ಎಕರೆಗೆ ಚೊಂಬಿನಲ್ಲಿ ನಳದ ನೀರು ಹಾಕಲು ಆಗುವುದಿಲ್ಲ.

ಅಪ್ಪನಿಗೆ ಹಾಳೆಯ ಮೇಲೆ ಎರಡು ಗೆರೆ ಎಳೆದು ತೋರಿಸಿದೆ. ಎರಡೂ ಗೆರೆ ಕೂಡುವ ಜಾಗ ನೋಡಿ, "ಅಂದ್ರ ಇಲ್ಲಿ ನಿನ್ನ ಗಡ್ಡಿನೂ ನನ್ನ ಕಬ್ಬೂ ಒಂದ ಆತು" ಎಂದರು. ಒಂದೇ ಆಯಿತು. ಕೆಲವರು ಹೇಳುವಂತೆ ಬೀಟ್ ಉಪ್ಪನ್ನೆಲ್ಲ ಹೀರಿ ನೆಲ ಸ್ವಚ್ಛ ಮಾಡುತ್ತದೆ ಎಂಬುದನ್ನೂ ನಾನು ಒಪ್ಪುವುದಿಲ್ಲ. ಗಿಡ ಒಯ್ಯುವ ಉಪ್ಪಿಗಿಂತ ಮುಂದಿನ ನೀರು ತರುವ ಉಪ್ಪೇ ಹೆಚ್ಚು. ಜಿಪ್ಸಂ ಹಾಕಿ ಎಂಬ ಸಲಹೆಯೂ ಬಂತು. ಅದು ಸೋಡಿಯಂ ಹಿಡಿದು ಗಟ್ಟಿಯಾದ ಕ್ಷಾರ ಮಣ್ಣಿಗೆ ಮದ್ದು, ಬರೀ ಉಪ್ಪು ಕೂತ ನೆಲಕ್ಕಲ್ಲ. ನಮ್ಮದು ಯಾವುದು ಎಂದು ಪೂರ್ತಿ ಪರೀಕ್ಷೆ ಆಗದೆ ಚೀಲ ತರಬೇಡಿ ಎಂದಿದ್ದೇನೆ.

ಉಳಿದದ್ದು ಬಸಿಗಾಲುವೆ. ಸುಮಾರು ಒಂದು ಮೀಟರ್ ಆಳಕ್ಕೆ ತೂತಿನ ಪೈಪು ಹೂತು, ಸುತ್ತ ಜಲ್ಲಿ ಹಾಕಿ, ಉಪ್ಪುನೀರನ್ನು ಹಳ್ಳಕ್ಕೆ ಬಿಡುವುದು. ಆಮೇಲೆ ಮೇಲಿಂದ ಸಿಹಿನೀರು ನಿಲ್ಲಿಸಿ ಉಪ್ಪು ತೊಳೆಯುವುದು. ಪೈಪಿನ ಇಳಿಜಾರು, ಅಂತರದ ಲೆಕ್ಕ ನಾನು ಹಾಕಬಲ್ಲೆ, ಅದು ನನ್ನ ಆರನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್ ಆಗಲಿದೆ. ಲೆಕ್ಕಕ್ಕೆ ಸಿಗದ ಭಾಗ ಬೇರೆ ಇದೆ. ನಮ್ಮ ಹೊಲಕ್ಕೂ ಹಳ್ಳಕ್ಕೂ ನಡುವೆ ಇನ್ನೂ ಮೂರು ಮಂದಿಯ ಹೊಲ ಇವೆ. ಅವರ ಕಬ್ಬಿನ ಕೆಳಗೆ ಹಾಯದೆ ನಮ್ಮ ನೀರು ಹಳ್ಳ ಮುಟ್ಟುವುದಿಲ್ಲ. ಅವರ ತಗ್ಗೂ ಬೆಳ್ಳಗಾಗುತ್ತಿದೆ, ಆದರೆ ಇನ್ನೂ ಅಷ್ಟಿಲ್ಲ. ಹೋದ ವಾರ ಅಪ್ಪ ಮೂವರನ್ನೂ ಮನೆಗೆ ಕರೆದು ಚಹಾ ಕೊಟ್ಟು ಮಾತಾಡಿದರು. ಒಬ್ಬರು ಹ್ಞೂಂ ಎಂದಿದ್ದಾರೆ. ಒಬ್ಬರು ಕಬ್ಬು ಹೋದ ಮೇಲೆ ನೋಡೋಣ ಎಂದಿದ್ದಾರೆ. ಮೂರನೆಯವರು ತಮ್ಮ ಮಣ್ಣನ್ನೂ ಒಂದು ಚೀಲ ಕಟ್ಟಿ ಕೊಟ್ಟು, ಮೊದಲು ಇದರ ನಂಬರ್ ಹೇಳು ಎಂದಿದ್ದಾರೆ. ಚೀಲ ಸದ್ಯ ಹಾಸ್ಟೆಲ್ಲಿನ ನನ್ನ ಮಂಚದ ಕೆಳಗಿದೆ.